ಮಲೆನಾಡಿನ ಬುಡಕಟ್ಟು ಕುಟುಂಬದ ಮನೆಯಲ್ಲಿ ಅತಿಥಿಯಾಗಿ ಉಳಿಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ ಮತ್ತು ಹೊಸನಗರ ತಾಲ್ಲೂಕುಗಳ ಕಾಡಂಚಿನಿಂದ ಹಿಡಿದು ಘಟ್ಟದ ಏಣಿನುದ್ದಕ್ಕೂ ಶೃಂಗೇರಿ, ಕೊಪ್ಪ, ಕುದುರೆಮುಖದ ಕಡೆಗೆ ಸಾಗಿದರೆ ಹಸಲರು, ಮಲೆಕುಡಿಯರು, ಗೌಡಲು ಮುಂತಾದ ಸಮುದಾಯಗಳ ಮನೆಗಳು ಅಲ್ಲೊಂದು ಇಲ್ಲೊಂದು ಕಾಣಸಿಗುತ್ತವೆ. ಈ ಮೂರೂ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿವೆ. ಇವರಲ್ಲಿ ಕೆಲವರಿಗೆ ಒಂದಿಷ್ಟು ಗದ್ದೆ, ಅಡಿಕೆ ಸಸಿ ಇವೆ. ಬಹಳಷ್ಟು ಮಂದಿ ತಲೆಮಾರುಗಳಿಂದ ಬೇರೆಯವರ ತೋಟದ ಕೂಲಿಯನ್ನೂ ಕಾಡಿನ ಕಿರು ಉತ್ಪನ್ನಗಳನ್ನೂ ನಂಬಿ ಬದುಕಿದವರು. ಅಂಥ ಮನೆಯೊಂದರಲ್ಲಿ ನಾಲ್ಕು ದಿನ ಇದ್ದು ಬರಬೇಕೆಂಬ ಆಸೆ ಈಚೆಗೆ ಪಟ್ಟಣದ ಅನೇಕರಲ್ಲಿ ಹುಟ್ಟಿದೆ. ಆಸೆ ಒಳ್ಳೆಯದೇ. ಆದರೆ ದಿನದ ದುಡಿಮೆಯಿಂದಲೇ ಅಂದಿನ ಒಲೆ ಉರಿಯುವ ಮನೆಗೆ ಅತಿಥಿಯಾಗಿ ಹೋಗುವವರು, ಆ ದುಡಿಮೆಗೆ ತಮ್ಮಿಂದ ಅಡ್ಡಿಯಾಗದಂತೆ ಇರುವುದು ಹೇಗೆಂಬುದನ್ನು ಮೊದಲು ಕಲಿಯಬೇಕು. ಈ ಬರಹದ ಎಲ್ಲ ಸಲಹೆಗಳೂ ಆ ಒಂದು ಕಾಳಜಿಯಿಂದ ಹೊರಟಿವೆ.

ಮೊದಲ ಹೆಜ್ಜೆ: ಕಾಲವನ್ನು ಆರಿಸುವುದು

ರಜೆ ಯಾವಾಗ ಸಿಗುತ್ತದೆ ಎಂದು ನೋಡಿ ದಿನ ಗೊತ್ತುಮಾಡುವುದು ಪಟ್ಟಣದ ರೂಢಿ. ಇಲ್ಲಿ ಮನೆಯವರ ಕೆಲಸದ ವರ್ಷ ಹೇಗೆ ಸಾಗುತ್ತದೆ ಎಂಬುದನ್ನು ತಿಳಿದು, ಅದರೊಳಗೆ ನಿಮಗೊಂದು ಜಾಗ ಹುಡುಕಿಕೊಳ್ಳಬೇಕು.

ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲ ನೋಡಲು ಎಷ್ಟೇ ಚೆಲುವಾಗಿದ್ದರೂ ಅತಿಥಿಗಳ ಕಾಲವಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಈ ಮೂರು ತಿಂಗಳಲ್ಲೇ. ಹಳ್ಳಗಳು ತುಂಬಿ ಕಾಲುಸಂಕಗಳು ಕೊಚ್ಚಿಹೋದರೆ ಮನೆಯವರೇ ದಿನಗಟ್ಟಲೆ ಆಚೆ ದಡ ಕಾಣುವುದಿಲ್ಲ. ಅದರ ಜೊತೆಗೆ ನಾಟಿಯ ಕೆಲಸ, ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಕೆಲಸ, ಹುಳಿ ಸಿಪ್ಪೆಗಾಗಿ ಉಪ್ಪಾಗೆ ಎಂಬ ಕಾಡುಹಣ್ಣು ಆರಿಸುವ ಕೆಲಸ ಎಲ್ಲವೂ ಒಟ್ಟಿಗೇ ಬಂದು ಬೀಳುತ್ತವೆ. ಉಪ್ಪಾಗೆಯ ಕಾಲದಲ್ಲಿ ಮನೆಯೊಳಗೆ ಕಾಲಿಡಲೂ ಜಾಗವಿರುವುದಿಲ್ಲ. ಹಣ್ಣಿನ ಸಿಪ್ಪೆಯನ್ನು ಬಿಸಿಲಿಲ್ಲದ ದಿನಗಳಲ್ಲಿ ಒಣಗಿಸಬೇಕಾದ್ದರಿಂದ, ಒಲೆಯ ಮೇಲೆ ಕಟ್ಟಿದ ತಟ್ಟಿಯಲ್ಲಿ ಹರಡಿ, ಹಗಲೂ ಇರುಳೂ ಬೆಂಕಿ ಆರದಂತೆ ನೋಡಿಕೊಳ್ಳುತ್ತಾರೆ. ಹಳದಿಯ ಸಿಪ್ಪೆ ಮುದುಡಿ, ಕಂದಿ, ಕೊನೆಗೆ ಹೊಗೆ ಕುಡಿದು ಕಪ್ಪಾಗುವವರೆಗೆ ಯಾರಾದರೊಬ್ಬರು ಎದ್ದೆದ್ದು ಮಗುಚುತ್ತಲೇ ಇರಬೇಕು. ಬೀಜವನ್ನೂ ಬಿಸಾಡುವುದಿಲ್ಲ, ಅದರಿಂದ ಅಡುಗೆಗೆ ಬಳಸುವ ಗಟ್ಟಿ ತುಪ್ಪ ತೆಗೆಯುತ್ತಾರೆ. ಆ ದಿನಗಳಲ್ಲಿ ಹೋಗಿ ಮಲಗಲು ಜಾಗ ಕೇಳುವುದು ಒಣಗುತ್ತಿರುವ ಮಾಲನ್ನು ಎತ್ತಿಡಿ ಎಂದು ಹೇಳಿದಂತೆಯೇ ಸರಿ.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನ ದಿನಗಳು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಒಳ್ಳೆಯವು. ಮಳೆ ಹಿಂದೆ ಸರಿದಿರುತ್ತದೆ, ಹಳ್ಳದಲ್ಲಿ ನೀರು ತಿಳಿಯಾಗಿರುತ್ತದೆ, ದೀಪಾವಳಿ ಹತ್ತಿರವಿರುತ್ತದೆ. ನವೆಂಬರಿನಿಂದ ಜನವರಿಯವರೆಗೆ ಭತ್ತದ ಕೊಯ್ಲು, ಅಡಿಕೆ ಗೊನೆಯ ಕೊಯ್ಲು ಮತ್ತು ಸುಲಿತ ಬಿರುಸಾಗುವುದರಿಂದ ಕೂಲಿಗೆ ಹೋಗುವ ಮನೆಗಳಲ್ಲಿ ರಾತ್ರಿ ಹೊತ್ತಿನವರೆಗೂ ಯಾರೂ ಇರದ ದಿನಗಳುಂಟು. ವರ್ಷದ ಹೆಚ್ಚಿನ ಸಂಪಾದನೆ ಆಗುವುದೂ ಆಗಲೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಂಗನ ಕಾಯಿಲೆಯ ಭಯವಿರುತ್ತದೆ, ಅದರ ವಿಷಯವನ್ನು ಮುಂದೆ ಬೇರೆಯಾಗಿಯೇ ಬರೆದಿದ್ದೇನೆ. ಬೇಸಿಗೆಯ ಕೊನೆಯಲ್ಲಿ ನೀರಿನ ಒರತೆಗಳು ಬತ್ತುವುದರಿಂದ, ಇಬ್ಬರು ಹೆಚ್ಚಿಗೆ ಸ್ನಾನ ಮಾಡುವುದೂ ಮನೆಗೆ ಹೊರೆಯಾಗುತ್ತದೆ.

ಎರಡನೆಯ ಹೆಜ್ಜೆ: ಕೇಳುವುದು ಮತ್ತು ಒಪ್ಪಿಗೆ

ಹೇಳದೆ ಕೇಳದೆ ಹೋಗಿ ಅಂಗಳದಲ್ಲಿ ನಿಲ್ಲಬೇಡಿ. ಮಲೆನಾಡಿನಲ್ಲಿ ಬಂದವರನ್ನು ಹೊರಗೆ ಹಾಕುವ ಪದ್ಧತಿ ಇಲ್ಲ, ಆದ್ದರಿಂದಲೇ ಮನೆಯವರು ಮನಸ್ಸಿಲ್ಲದಿದ್ದರೂ ಬನ್ನಿ ಎನ್ನುತ್ತಾರೆ. ಅವರು ಬೇಡ ಎನ್ನಲು ಅವಕಾಶವಿರುವ ರೀತಿಯಲ್ಲಿ ಕೇಳುವುದು ಮುಖ್ಯ, ಮತ್ತು ಅದಕ್ಕೆ ನಡುವೆ ಒಬ್ಬರು ಬೇಕು. ಊರಿನ ಶಾಲೆಯ ಮೇಷ್ಟ್ರು, ಆಶಾ ಕಾರ್ಯಕರ್ತೆ, ಪಂಚಾಯಿತಿ ಸದಸ್ಯರು, ಕಿರು ಅರಣ್ಯ ಉತ್ಪನ್ನ ಕೊಳ್ಳುವ ಲ್ಯಾಂಪ್ಸ್ (ಬುಡಕಟ್ಟು ಜನರ ವಿವಿಧೋದ್ದೇಶ) ಸಹಕಾರ ಸಂಘ ಇರುವ ಕಡೆ ಅದರ ಕಾರ್ಯದರ್ಶಿ, ಇಂಥವರು ತಕ್ಕವರು. ಆ ಕುಟುಂಬದವರು ಯಾರ ತೋಟದಲ್ಲಿ ಕೆಲಸಕ್ಕೆ ಹೋಗುತ್ತಾರೋ ಆ ಒಡೆಯರ ಮೂಲಕ ಮಾತ್ರ ಕೇಳಿಸಬೇಡಿ. ಅನ್ನ ಕೊಡುವವರ ಬಾಯಿಂದ ಬಂದ ವಿನಂತಿ ಅಪ್ಪಣೆಯಾಗಿಬಿಡುತ್ತದೆ.

ಕೇಳುವಾಗ ಎಷ್ಟು ಜನ, ಎಷ್ಟು ರಾತ್ರಿ, ಹೆಂಗಸರಿದ್ದಾರೆಯೇ, ಮಕ್ಕಳಿದ್ದಾರೆಯೇ, ಊಟದಲ್ಲಿ ಏನು ಆಗದು ಎಂಬುದನ್ನೆಲ್ಲ ಮುಂಚಿತವಾಗಿ ಹೇಳಿ. ಮೂವರಿಗಿಂತ ಹೆಚ್ಚು ಜನ ಒಂದು ಮನೆಗೆ ಹೋಗುವುದು ಸರಿಯಲ್ಲ. ಎರಡು ಅಥವಾ ಮೂರು ರಾತ್ರಿ ಮೊದಲ ಸಲಕ್ಕೆ ಸಾಕು. ಒಂದೇ ರಾತ್ರಿಯಾದರೆ ಮನೆಯವರು ಉಪಚಾರದಲ್ಲೇ ದಣಿಯುತ್ತಾರೆ, ಇಬ್ಬರಿಗೂ ಪರಿಚಯದ ಸುಖ ಸಿಗುವುದಿಲ್ಲ.

ಕಾನೂನಿನ ಕೆಲವು ವಿಷಯಗಳು ಇಲ್ಲೇ ಇತ್ಯರ್ಥವಾಗಲಿ. ಹಣ ಪಡೆದು ಅತಿಥಿಗಳನ್ನು ಇರಿಸಿಕೊಳ್ಳುವುದನ್ನು ಕಸುಬಾಗಿ ನಡೆಸುವ ಹೋಂಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಅಂಥ ಮನೆ ಸಮುದಾಯದವರದ್ದೇ ಆಗಿ ಹತ್ತಿರದಲ್ಲಿದ್ದರೆ ಅದನ್ನೇ ಮೊದಲು ಆರಿಸಿಕೊಳ್ಳಿ. ಕಾಡಿನ ಅನೇಕ ಕುಟುಂಬಗಳ ಜಮೀನು 2006ರ ಅರಣ್ಯ ಹಕ್ಕು ಕಾಯ್ದೆಯಡಿ ದೊರೆತ, ಇಲ್ಲವೇ ಇನ್ನೂ ಅರ್ಜಿಯ ಹಂತದಲ್ಲಿರುವ ಹಕ್ಕಿನದು. ಆ ಹಕ್ಕು ವಾಸಕ್ಕೂ ಜೀವನೋಪಾಯದ ಸಾಗುವಳಿಗೂ ಸಂಬಂಧಿಸಿದ್ದಾದ್ದರಿಂದ, ನಿಮ್ಮ ಬರುವಿಕೆಯಿಂದ ಅವರ ಅರ್ಜಿಗೆ ತೊಡಕಾಗುತ್ತದೆಯೇ ಎಂದು ಮಧ್ಯಸ್ಥರಲ್ಲಿ ನೇರವಾಗಿ ಕೇಳಿ, ಆಗುತ್ತದೆ ಎಂದರೆ ಹೋಗಬೇಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಥವಾ ವನ್ಯಜೀವಿಧಾಮದ ಗಡಿಯೊಳಗಿನ ಮನೆಯಾದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಯೇ ಹೊರಡಬೇಕು. ನಿಮ್ಮೊಡನೆ ವಿದೇಶಿ ಸ್ನೇಹಿತರಿದ್ದರೆ, ಅವರನ್ನು ಇರಿಸಿಕೊಂಡವರು 24 ಗಂಟೆಯೊಳಗೆ ಆ ವಿವರವನ್ನು ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಸಲ್ಲಿಸಬೇಕೆಂಬ ನಿಯಮವಿದೆ. ನೆಟ್‌ವರ್ಕ್ ಇಲ್ಲದ ಮನೆಯ ಮೇಲೆ ಆ ಹೊಣೆ ಹೊರಿಸದೆ, ಆ ಸ್ನೇಹಿತರು ತೀರ್ಥಹಳ್ಳಿಯಲ್ಲೋ ಶಿವಮೊಗ್ಗದಲ್ಲೋ ವಸತಿಗೃಹದಲ್ಲಿ ಉಳಿದು ಹಗಲು ಬಂದುಹೋಗುವುದು ಲೇಸು.

ಹಣದ ಮಾತು

ಹಣದ ವಿಷಯವನ್ನು ಕೊನೆಯ ದಿನಕ್ಕೆ ಉಳಿಸಿಕೊಂಡರೆ ಎರಡೂ ಕಡೆಗೆ ಮುಜುಗರವಾಗುತ್ತದೆ. ಮನೆಯವರು "ಕೊಟ್ಟಷ್ಟು ಕೊಡಿ" ಎನ್ನುತ್ತಾರೆ, ಅತಿಥಿಗೆ ಎಷ್ಟೆಂದು ತಿಳಿಯುವುದಿಲ್ಲ. ಲೆಕ್ಕಕ್ಕೆ ಒಂದು ನ್ಯಾಯವಾದ ದಾರಿ ಇದೆ. ನಿಮ್ಮ ಸಲುವಾಗಿ ಮನೆಯಲ್ಲಿ ಒಬ್ಬರು ಕೆಲಸ ಬಿಟ್ಟು ಉಳಿದರೆ ಅವರಿಗೆ ಆ ದಿನದ ಕೂಲಿ ತಪ್ಪುತ್ತದೆ. ಆ ಭಾಗದಲ್ಲಿ ನಡೆಯುತ್ತಿರುವ ಆಳಿನ ಕೂಲಿ ಎಷ್ಟೆಂದು ಮಧ್ಯಸ್ಥರಿಂದ ತಿಳಿದುಕೊಂಡು, ನಿಮ್ಮಿಂದ ಎಷ್ಟು ಮಂದಿಯ ಕೆಲಸ ತಪ್ಪಿತೋ ಅಷ್ಟು ಕೂಲಿ, ಅದರ ಮೇಲೆ ಊಟದ ಖರ್ಚು, ಅದರ ಮೇಲೆ ತಂಗಿದ್ದಕ್ಕೆ ಒಂದು ಮೊತ್ತ ಎಂದು ಕೂಡಿಸಿ ಮೊದಲೇ ಮಾತಾಡಿಕೊಳ್ಳಿ. ಕಾಡಿಗೆ ಕರೆದೊಯ್ದವರ ಕೂಲಿ ಬೇರೆಯೇ. ಹಣವನ್ನು ಆದಷ್ಟೂ ಮನೆ ನಡೆಸುವ ಹೆಂಗಸಿನ ಕೈಗೆ ಕೊಡಿ, ಏಕೆಂದರೆ ಅಕ್ಕಿ, ಎಣ್ಣೆ, ಮಕ್ಕಳ ಪುಸ್ತಕ ಎಲ್ಲವೂ ಆ ಕೈಯಿಂದಲೇ ನಡೆಯುತ್ತವೆ. ಕೇರಿಯ ಬೇರೆ ಮನೆಯವರ ಎದುರಿಗೆ ಎಣಿಸಿ ಕೊಡಬೇಡಿ. ಮೊಬೈಲ್ ಮೂಲಕ ಹಣ ಕಳಿಸುವ ಭರವಸೆಯಲ್ಲಿ ಹೋಗದೆ, ನೂರು, ಇನ್ನೂರರ ನೋಟುಗಳನ್ನು ಕೈಯಲ್ಲಿ ಇಟ್ಟುಕೊಂಡಿರಿ.

ಮೂರನೆಯ ಹೆಜ್ಜೆ: ಚೀಲ ಕಟ್ಟುವುದು, ದಾರಿ ಹಿಡಿಯುವುದು

ಉದ್ದ ತೋಳಿನ, ಬೇಗ ಒಣಗುವ ಹತ್ತಿ ಬಟ್ಟೆಗಳು, ಪಾದದವರೆಗೆ ಮುಚ್ಚುವ ಪ್ಯಾಂಟು, ಉದ್ದ ಸಾಕ್ಸ್, ಮನೆಯೊಳಗಿನ ಬಳಕೆಗೆ ಹೊದಿಕೆ ಮತ್ತು ಹಾಸುಬಟ್ಟೆ, ಟಾರ್ಚು, ಕೊಡೆ, ಪವರ್ ಬ್ಯಾಂಕ್, ನೀವು ದಿನವೂ ತೆಗೆದುಕೊಳ್ಳುವ ಔಷಧಿ, ಇಷ್ಟು ಸಾಕು. ಜೀನ್ಸ್ ಒದ್ದೆಯಾದರೆ ಮೂರು ದಿನವಾದರೂ ಒಣಗುವುದಿಲ್ಲ. ರಕ್ತ ಹೀರುವ ಉಂಬಳದ (ಜಿಗಣೆಯ) ಕಾಟ ನವೆಂಬರಿನವರೆಗೂ ಇರಬಹುದಾದ್ದರಿಂದ ನಶ್ಯದ ಪುಡಿ ಅಥವಾ ಉಪ್ಪಿನ ಸಣ್ಣ ಗಂಟು ಇಟ್ಟುಕೊಳ್ಳಿ; ಹತ್ತಿದ ಉಂಬಳವನ್ನು ಕಿತ್ತೆಳೆಯದೆ ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ, ಗಾಯದಿಂದ ರಕ್ತ ಸ್ವಲ್ಪ ಹೊತ್ತು ಜಿನುಗಿದರೂ ಗಾಬರಿಯಾಗದೆ ಸೋಪಿನಲ್ಲಿ ತೊಳೆದುಕೊಳ್ಳಿ.

ಉಡುಗೊರೆಯ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ. ಮಕ್ಕಳಿಗೆ ಚಾಕಲೇಟು ಹಂಚುತ್ತಾ ಕೇರಿಯಲ್ಲಿ ನಡೆಯುವುದು ಮಕ್ಕಳಿಗೂ ಅವರ ತಾಯಂದಿರಿಗೂ ಗೌರವ ತರುವ ಕೆಲಸವಲ್ಲ. ಮನೆಗೆ ಬೇಕಾದದ್ದನ್ನು ತನ್ನಿ: ಚಹಾಪುಡಿ, ಸಕ್ಕರೆ, ಬೆಲ್ಲ, ಬೇಳೆ, ತೆಂಗಿನೆಣ್ಣೆ, ಎಲೆ ಅಡಿಕೆ. ಮೀನು ತಿನ್ನುವ ಮನೆಯಾದರೆ ತೀರ್ಥಹಳ್ಳಿಯ ಪೇಟೆಯಲ್ಲಿ ಒಳ್ಳೆಯ ಒಣಮೀನು ಕಟ್ಟಿಸಿಕೊಂಡು ಹೋಗಿ. ಅದಕ್ಕಿಂತ ಹೆಚ್ಚಿನ ಸಂತೋಷ ಕೊಡುವ ವಸ್ತು ಬೇರೆ ಇಲ್ಲ. ಮದ್ಯದ ಬಾಟಲಿಯನ್ನು ಯಾವ ಕಾರಣಕ್ಕೂ ಒಯ್ಯಬೇಡಿ, ಮನೆಯ ಗಂಡಸರು ಕೇಳಿದರೂ ತರಬೇಡಿ. ಕುಡಿತದಿಂದ ಕೂಲಿಯ ಹಣ ಕರಗುವ ನೋವನ್ನು ಅಲ್ಲಿಯ ಹೆಂಗಸರು ದಿನವೂ ಉಣ್ಣುತ್ತಿದ್ದಾರೆ.

ಶಿವಮೊಗ್ಗದವರೆಗೆ ರೈಲಿದೆ. ಅಲ್ಲಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್, ತೀರ್ಥಹಳ್ಳಿಯಿಂದ ಆಗುಂಬೆಗೆ ಇನ್ನು ಸುಮಾರು 30 ಕಿಲೋಮೀಟರ್. ಖಾಸಗಿ ಬಸ್ಸುಗಳು ಓಡಾಡುತ್ತವೆ. ಕೊನೆಯ ಬಸ್‌ಸ್ಟಾಪಿನಿಂದ ಮನೆಯವರೆಗಿನ ದಾರಿಯೇ ನಿಜವಾದ ಪ್ರಯಾಣ. ಜೀಪಿನ ದಾರಿ ಎಲ್ಲಿಗೆ ನಿಲ್ಲುತ್ತದೆ, ಅಲ್ಲಿಂದ ಎಷ್ಟು ದೂರ ನಡೆಯಬೇಕು, ಎಷ್ಟು ಸಂಕ ದಾಟಬೇಕು ಎಂದು ಕೇಳಿಟ್ಟುಕೊಂಡು, ಮಧ್ಯಾಹ್ನದೊಳಗೆ ಮನೆ ಮುಟ್ಟುವಂತೆ ಹೊರಡಿ. ಕತ್ತಲಾದ ಮೇಲೆ ಬಂದರೆ ಮನೆಯವರು ಟಾರ್ಚು ಹಿಡಿದು ಹಳ್ಳದವರೆಗೆ ಬರಬೇಕಾಗುತ್ತದೆ. ಕಾಲುಸಂಕವನ್ನು ಒಬ್ಬೊಬ್ಬರಾಗಿ ದಾಟಬೇಕು, ಚೀಲವನ್ನು ಒಂದೇ ಹೆಗಲಿಗೆ ಜೋತುಹಾಕಿಕೊಳ್ಳದೆ ಬೆನ್ನಿಗೆ ಏರಿಸಿರಬೇಕು.

ನಾಲ್ಕನೆಯ ಹೆಜ್ಜೆ: ಮೊದಲ ಸಂಜೆ

ಅಂಗಳಕ್ಕೆ ಬಂದೊಡನೆ ಚಪ್ಪಲಿ ಬಿಟ್ಟು, ಕಾಲು ತೊಳೆಯಲು ನೀರು ಕೊಟ್ಟರೆ ತೊಳೆದು, ಕರೆದ ಮೇಲೆ ಜಗುಲಿಗೆ ಏರಬೇಕು. ಕುಡಿಯಲು ನೀರು ಬೆಲ್ಲ ತಂದಿಡುತ್ತಾರೆ, ಅಥವಾ ಚಹಾ, ಅದರ ಹಿಂದೆಯೇ ಎಲೆ ಅಡಿಕೆಯ ತಟ್ಟೆ. ಆ ಲೋಟದ ನೀರನ್ನು ಕುಡಿಯುವುದು ಸಣ್ಣ ವಿಷಯವಲ್ಲ. ತಮ್ಮ ಮನೆಯ ನೀರನ್ನು ಮೇಲ್ಜಾತಿಯವರು ಮುಟ್ಟದೆ ಹೋದ ದಿನಗಳನ್ನು ಆ ಮನೆಯ ಹಿರಿಯರು ಕಂಡಿರುತ್ತಾರೆ. ಬಾಟಲಿ ನೀರಿನ ಮುಚ್ಚಳ ತೆಗೆಯುತ್ತಾ "ಬೇಡ, ನಮ್ಮ ಹತ್ತಿರ ಇದೆ" ಎನ್ನುವ ಅತಿಥಿಯ ಮನಸ್ಸಿನಲ್ಲಿ ಆರೋಗ್ಯದ ಚಿಂತೆ ಮಾತ್ರವೇ ಇದ್ದರೂ ಅವರಿಗೆ ಅದು ಹಳೆಯ ನೋವಾಗಿಯೇ ಮುಟ್ಟುತ್ತದೆ. ಹೊಟ್ಟೆಯ ಸೂಕ್ಷ್ಮ ಇರುವವರು ಕುದಿಸಿದ ನೀರು ಬೇಕೆಂದು ಮಧ್ಯಸ್ಥರ ಮೂಲಕ ಮೊದಲೇ ಹೇಳಿಸಿರಲಿ. ಒಲೆಯ ಮೇಲೆ ಬಿಸಿನೀರಿಗೆ ಅಲ್ಲಿ ಕೊರತೆಯಿಲ್ಲ.

ಮಾತಿನಲ್ಲಿ ಬಹುವಚನ ತಪ್ಪಬಾರದು. ತೋಟದ ಒಡೆಯರು, ಅಂಗಡಿಯವರು, ಕಚೇರಿಯವರು ಅನೇಕರು ಈ ಜನರನ್ನು, ಎಂಬತ್ತರ ಅಜ್ಜನನ್ನೂ ಸೇರಿಸಿ, ಏಕವಚನದಲ್ಲೇ ಕರೆಯುವುದನ್ನು ನೀವು ಕೇಳುತ್ತೀರಿ. ನೀವು ಹಾಗೆ ಮಾಡಬೇಡಿ. ಹಿರಿಯರಿಗೆ ಅಜ್ಜ, ಅಜ್ಜಿ, ಉಳಿದವರಿಗೆ ಅಣ್ಣ, ಅಕ್ಕ ಎಂದು ಕರೆದು ನೀವು, ಬನ್ನಿ ಎಂದೇ ಮಾತಾಡಿ. ಜಾತಿಯ, ಬುಡಕಟ್ಟಿನ ಆಚರಣೆಗಳ ಬಗ್ಗೆ ಮೊದಲ ಸಂಜೆಯೇ ಪ್ರಶ್ನೆಗಳ ಮಳೆ ಸುರಿಸಬೇಡಿ. ಅಡಿಕೆಗೆ ಈ ವರ್ಷ ಕೊಳೆ ಬಂತೇ, ಶಾಲೆಗೆ ಮಕ್ಕಳು ಎಷ್ಟು ದೂರ ನಡೆಯುತ್ತಾರೆ, ಕಾಟಿ (ಕಾಡುಕೋಣ) ಗದ್ದೆಗೆ ಇಳಿಯುತ್ತದೆಯೇ, ಇಂಥ ಮಾತಿನಿಂದ ಮೊದಲುಮಾಡಿದರೆ ಉಳಿದದ್ದು ತಾನಾಗಿ ಬರುತ್ತದೆ.

ಮಲಗುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಅಕ್ಕ, ನಾಳೆ ನೀವು ಕೆಲಸಕ್ಕೆ ಹೋಗ್ಬೇಕಾ? ನಮ್ಮಿಂದ ನಿಲ್ಲಬೇಡಿ, ನಾವು ಇಲ್ಲೇ ಇರ್ತೀವಿ." ಈ ಒಂದು ಮಾತಿನಿಂದ ಆಕೆಯ ಅರ್ಧ ಚಿಂತೆ ಇಳಿಯುತ್ತದೆ.

ಐದನೆಯ ಹೆಜ್ಜೆ: ನೀರು, ಬಚ್ಚಲು, ಒಲೆ

ಗುಡ್ಡದ ಮನೆಗಳಿಗೆ ಸಾಮಾನ್ಯವಾಗಿ ಅಬ್ಬಿ ನೀರು ಬರುತ್ತದೆ. ಮೇಲಿನ ಹಳ್ಳದಲ್ಲಿ ಕಲ್ಲು ಕಟ್ಟಿ ನಿಲ್ಲಿಸಿದ ಸಣ್ಣ ಗುಂಡಿಯಿಂದ ಕಪ್ಪು ಪೈಪು ಕಾಡಿನ ಬೇರುಗಳ ನಡುವೆ ಇಳಿದು ಬಂದು, ಬಚ್ಚಲ ಬಳಿ ತೊಟ್ಟಿಗೆ ಸುರಿಯುತ್ತದೆ. ಪಂಪಿಲ್ಲ, ಕರೆಂಟಿನ ಹಂಗಿಲ್ಲ. ರಾತ್ರಿ ಗಾಳಿ ಬೀಸಿ ಎಲೆ ಬಂದು ಬಾಯಿಗೆ ಕಟ್ಟಿಕೊಂಡರೆ, ಅಥವಾ ಏಡಿ ಹೊಕ್ಕು ಕೂತರೆ, ನೀರು ನಿಂತುಹೋಗುತ್ತದೆ. ಆಗ ಮನೆಯ ಯಾರಾದರೊಬ್ಬರು ಬೆಳಗ್ಗೆ ಚಹಾಕ್ಕಿಂತ ಮುಂಚೆ ಗುಡ್ಡ ಹತ್ತಿ, ಪೈಪಿನ ಬಾಯಿ ಬಿಡಿಸಿ, ಗಾಳಿ ಹೋಗುವವರೆಗೆ ಕಾದು ಇಳಿದು ಬರಬೇಕು. ಅವರೊಂದಿಗೆ ಒಮ್ಮೆ ಹೋಗಿ ನೋಡಿ. ಬಚ್ಚಲಲ್ಲಿ ಚೊಂಬು ಎತ್ತುವ ನಿಮ್ಮ ಕೈ ತಾನಾಗಿ ಹಗುರಾಗುತ್ತದೆ.

ಹಂಡೆಯ ನೀರು ಕಾಯಿಸುವುದು ಸೌದೆ ಮತ್ತು ದರಕಿನ (ಒಣ ತರಗೆಲೆಯ) ಖರ್ಚು. ಮನೆಯವರು ಸಂಜೆ ಕೆಲಸದಿಂದ ಬಂದ ಮೇಲೆ ಮೀಯುತ್ತಾರೆ, ಆದ್ದರಿಂದ ಮೊದಲು ದುಡಿದು ಬಂದವರು ಮೀಯಲಿ, ನೀವು ಆಮೇಲೆ. ತೆಗೆದ ನೀರಿನಷ್ಟು ತಣ್ಣೀರನ್ನು ಹಂಡೆಗೆ ತುಂಬಿಸಿ ಬರುವುದು ಅಲ್ಲಿಯ ರೂಢಿ. ಸೋಪು, ಶಾಂಪೂ ಹಿಡಿದು ಹಳ್ಳಕ್ಕೆ ಇಳಿಯಬೇಡಿ, ಕೆಳಗಿನ ಮನೆಯವರು ಅದೇ ನೀರನ್ನು ಕುಡಿಯುತ್ತಾರೆ.

ಅಡುಗೆ ಕೋಣೆ, ದೇವರ ಮೂಲೆ ಮತ್ತು ದೇವರ ಬನಗಳ ವಿಷಯದಲ್ಲಿ ಮನೆಮನೆಗೂ ಕಟ್ಟಳೆ ಬೇರೆ. ಕೇಳದೆ ಒಳಗೆ ಹೋಗಬೇಡಿ. ಮುಟ್ಟಿನ ದಿನಗಳ ನಿಯಮಗಳನ್ನು ಪಾಲಿಸುವ ಮನೆಗಳು ಇನ್ನೂ ಇವೆ. ಅದು ಸರಿಯೇ ತಪ್ಪೇ ಎಂಬ ವಾದವನ್ನು ಅವರ ಜಗುಲಿಯಲ್ಲಿ ಕೂತು ಹೂಡುವುದು ಅತಿಥಿಗೆ ಒಪ್ಪುವುದಿಲ್ಲ. ಹೋಗುವ ಹೆಂಗಸರು ಮನೆಯ ಹಿರಿಯ ಹೆಂಗಸಿನೊಂದಿಗೆ ಮೆಲ್ಲಗೆ ಮಾತಾಡಿಕೊಳ್ಳಲಿ, ಒಪ್ಪಿಗೆಯಾಗದಿದ್ದರೆ ದಿನವನ್ನೇ ಬದಲಿಸಲಿ. ಪ್ಯಾಡು, ಪ್ಲಾಸ್ಟಿಕ್ಕು, ಬ್ಯಾಟರಿ, ನೀವು ತಂದ ಯಾವ ಕಸವೂ ಅಲ್ಲಿ ಉಳಿಯದಂತೆ ಚೀಲದಲ್ಲಿ ಹೊತ್ತು ತನ್ನಿ.

ಆರನೆಯ ಹೆಜ್ಜೆ: ಊಟ

ಬೆಳಗಿನ ಹೊತ್ತು ಅಕ್ಕಿ ರೊಟ್ಟಿ ಅಥವಾ ಗಂಜಿ, ಮಧ್ಯಾಹ್ನ ಮತ್ತು ರಾತ್ರಿ ಅನ್ನ ಸಾರು, ವಿಶೇಷಕ್ಕೆ ಕಡುಬು. ಕಾಲಕ್ಕೆ ತಕ್ಕಂತೆ ಕೆಸುವಿನ ಸೊಪ್ಪು, ಚಗಟೆ ಸೊಪ್ಪು, ಹಲಸಿನ ಗುಜ್ಜೆ, ಅಣಬೆ, ಗದ್ದೆಯ ಏಡಿ, ಹಳ್ಳದ ಮೀನು, ಅಪ್ಪೆಮಿಡಿ ಉಪ್ಪಿನಕಾಯಿ. ಕೆಲವು ಮನೆಗಳಲ್ಲಿ ಮರದ ಗೂಡಿನ ಚಿಗಳಿ ಇರುವೆಯನ್ನು ಹುರಿದು ಅರೆದ ಹುಳಿಖಾರದ ಚಟ್ನಿಯೂ ಇರುತ್ತದೆ. ಮನಸ್ಸಿದ್ದರೆ ರುಚಿ ನೋಡಿ, ಇಲ್ಲದಿದ್ದರೆ ಮುಖ ಸಿಂಡರಿಸದೆ ಬೇಡವೆನ್ನಿ.

ಮಳೆಗಾಲದ ಕಳಲೆಯನ್ನು ಉಪ್ಪಿನಲ್ಲಿ ಹಾಕಿಟ್ಟಿರುತ್ತಾರಾದ್ದರಿಂದ ಅಕ್ಟೋಬರಿನಲ್ಲೂ ಅದರ ಪಲ್ಯ ಸಿಗಬಹುದು. ಎಳೆಯ ಬಿದಿರ ಮೊಳಕೆಯ ಹೊರಸಿಪ್ಪೆಯನ್ನು ಪದರಪದರವಾಗಿ ಬಿಡಿಸಿ, ದಂತದ ಬಣ್ಣದ ತಿರುಳನ್ನು ತೆಳುವಾಗಿ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿದ ಮೇಲೆಯೇ ಅದು ಅಡುಗೆಗೆ ಬರುತ್ತದೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದ ಆ ನೆನೆಸುವಿಕೆ ರುಚಿಗಾಗಿ ಮಾತ್ರವಲ್ಲ. ಕೆಸುವನ್ನು ಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ. ಅಣಬೆಯನ್ನಂತೂ ಅವರು ಗುರುತಿಸಿ ತಂದದ್ದನ್ನು ಬಿಟ್ಟು ಬೇರೆ ಮುಟ್ಟಲೂಬೇಡಿ. ಹೊರಗಿನವರು "ಕಾಡಿನ ಅಡುಗೆ" ಎಂದು ಹಗುರವಾಗಿ ಹೇಳುವುದರ ಹಿಂದೆ ಇಂಥ ನೂರು ತಿಳಿವಳಿಕೆಗಳಿವೆ, ಮತ್ತು ಅವನ್ನು ಬಲ್ಲವರು ಬಹುಪಾಲು ಮನೆಯ ಹೆಂಗಸರು.

ಅತಿಥಿಗೂ ಗಂಡಸರಿಗೂ ಮೊದಲು ಬಡಿಸಿ, ಬಡಿಸಿದಾಕೆ ಕೊನೆಗೆ ಉಣ್ಣುವುದು ಅನೇಕ ಕಡೆ ನಡೆದುಬಂದಿದೆ. ಒಟ್ಟಿಗೆ ಕೂತುಕೊಳ್ಳಿ ಎಂದು ಕರೆಯಿರಿ, ಬರದಿದ್ದರೆ ಒತ್ತಾಯ ಬೇಡ. ಆದರೆ ಎರಡನೆಯ ಸಲ ಮೀನಿನ ಹೋಳು ಬಡಿಸಲು ಬಂದಾಗ, ಪಾತ್ರೆಯಲ್ಲಿ ಎಷ್ಟಿದೆ ಎಂಬುದರ ಮೇಲೆ ಕಣ್ಣಿರಲಿ. ಎಲೆಯಲ್ಲಿ ಅನ್ನ ಬಿಟ್ಟು ಏಳಬಾರದು. ತಿಂದ ತಟ್ಟೆಯನ್ನು ತೊಳೆಯಲು ಎದ್ದರೆ ಬೇಡವೆನ್ನುತ್ತಾರೆ. ಎರಡನೆಯ ದಿನಕ್ಕೆ ಬಿಟ್ಟುಕೊಡುತ್ತಾರೆ.

ಕಾಡುಹಂದಿಯ, ಜಿಂಕೆಯ ಮಾಂಸ ಸಿಗುತ್ತದೆಯೇ ಎಂದು ಪಿಸುಮಾತಿನಲ್ಲಿ ಕೇಳುವ ಅತಿಥಿಗಳಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ತಿಂದು ಊರಿಗೆ ಮರಳುವವರು ನೀವು, ಪ್ರಕರಣ ಬಿದ್ದರೆ ಜಾಮೀನಿಗೆ ಓಡಾಡಬೇಕಾದವರು ಅವರು. ಆ ಪ್ರಶ್ನೆಯನ್ನೇ ಎತ್ತಬೇಡಿ.

ಏಳನೆಯ ಹೆಜ್ಜೆ: ಕೆಲಸದಲ್ಲಿ ಮತ್ತು ಕಾಡಿನಲ್ಲಿ ಜೊತೆಗಿರುವುದು

ಹಗಲೆಲ್ಲ ಜಗುಲಿಯಲ್ಲಿ ಕೂತಿರುವ ಅತಿಥಿ ಮನೆಯವರಿಗೆ ಭಾರ. ಎಲ್ಲದಕ್ಕೂ ಕೈ ಹಾಕುವ ಅತಿಥಿ ಇನ್ನೂ ಹೆಚ್ಚಿನ ಭಾರ. ನೀರು ಹೊರುವುದು, ದರಕು ಗುಡಿಸುವುದು, ಸೊಪ್ಪು ಬಿಡಿಸುವುದು, ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು, ಇವು ಯಾರ ಕೈಗೂ ಒಗ್ಗುವ ಕೆಲಸಗಳು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಮಾತ್ರ ಅಭ್ಯಾಸವಿಲ್ಲದವರು ಕೂರಬಾರದು, ಅದು ಬೆರಳು ತೆಗೆಯುವ ಕತ್ತಿ. ಸುಲಿತಕ್ಕೆ ಕೂಲಿ ಸಿಗುವುದು ಸುಲಿದ ಅಳತೆಯ ಮೇಲೆ, ಆದ್ದರಿಂದ ಸುಲಿಯುವವರನ್ನು ಮಾತಿಗೆ ಎಳೆದು ಕೂರಿಸಿದರೆ ಅವರಿಗೆ ನೇರ ನಷ್ಟ. ಒಡೆಯರ ಅಂಗಳಕ್ಕೆ ಅವರ ಹಿಂದೆ ಹೋಗುವುದಿದ್ದರೆ ಅವರನ್ನು ಕೇಳಿಯೇ ಹೋಗಿ.

ವಾಟೆ ಬಿದಿರನ್ನು ಸೀಳಿ ಚಾಪೆ, ಬುಟ್ಟಿ ಹೆಣೆಯುವ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಸುಮ್ಮನೆ ಒಂದು ಮಧ್ಯಾಹ್ನ ಕೂತುಕೊಳ್ಳಿ. ಬಿದಿರಿನ ಗೆಣ್ಣಿನ ಬಳಿ ಕತ್ತಿ ಹೇಗೆ ತಿರುಗುತ್ತದೆ, ಒಳಗಿನ ತಿರುಳನ್ನು ಬೇರೆ ಮಾಡಿ ಹೊರ ಸೀಳನ್ನು ಮಾತ್ರ ಹೇಗೆ ಉಳಿಸಿಕೊಳ್ಳುತ್ತಾರೆ, ಹೆಬ್ಬೆರಳಿನಿಂದ ಒತ್ತಿಯೇ ದಪ್ಪವನ್ನು ಹೇಗೆ ಅಳೆಯುತ್ತಾರೆ ಎಂಬುದು ನೋಡಿದಷ್ಟೂ ತಿಳಿಯುತ್ತಾ ಹೋಗುತ್ತದೆ. ಕೊಳ್ಳುವುದಾದರೆ ಚೌಕಾಶಿ ಮಾಡಬೇಡಿ.

ಕಾಡಿಗೆ ಮನೆಯವರ ಜೊತೆಯಲ್ಲದೆ ಕಾಲಿಡಬೇಡಿ. ಕರೆದೊಯ್ಯುವವರ ಹಿಂದೆಯೇ ನಡೆಯಿರಿ, ಅವರು ನಿಂತಲ್ಲಿ ನಿಲ್ಲಿ, ಕೈ ಇಡುವ ಮುಂಚೆ ಕೊಂಬೆಯನ್ನೂ ಕಲ್ಲುಬಂಡೆಯನ್ನೂ ನೋಡಿ. ಆಗುಂಬೆಯ ಸುತ್ತಿನ ಕಾಡುಗಳು ಕಾಳಿಂಗಸರ್ಪಕ್ಕೆ ಹೆಸರಾದವು. ಆದರೆ ತರಗೆಲೆಯ ಬಣ್ಣಕ್ಕೆ ಹೊಂದಿ ಕದಲದೆ ಮಲಗಿರುವ ಮಂಡಲದ ಹಾವುಗಳನ್ನು ಹೊಸಬರು ತುಳಿಯುವ ಅಪಾಯ ಹೆಚ್ಚು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಮಾಡದೆ, ಕಚ್ಚಿದ ಭಾಗ ಅಲುಗಾಡದಂತೆ ನೋಡಿಕೊಂಡು ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕು; 108ಕ್ಕೆ ಕರೆ ಹೋಗುವ ನೆಟ್‌ವರ್ಕ್ ಎಲ್ಲಿ ಸಿಗುತ್ತದೆಂದು ಮೊದಲ ದಿನವೇ ತಿಳಿದಿಟ್ಟುಕೊಳ್ಳಿ. ಜೇನು ತೆಗೆಯುವ ಜಾಗ, ಉಪ್ಪಾಗೆ ಮರಗಳಿರುವ ಜಾಗ, ಸೀಗೆಬಳ್ಳಿಯ ಜಾಗ ಅವರ ಬದುಕಿನ ಬಂಡವಾಳ. ಮೊಬೈಲಿನಲ್ಲಿ ಗುರುತು ಹಾಕಿಕೊಂಡು ಬಂದು ಹಂಚಬೇಡಿ.

ಮಂಗನ ಕಾಯಿಲೆಯ ಎಚ್ಚರ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಆ ಕಾಡಿನ ಹೆಸರಿನಿಂದಲೇ ಜಗತ್ತಿಗೆ ತಿಳಿದ ಈ ರೋಗ ಶಿವಮೊಗ್ಗ ಜಿಲ್ಲೆಯನ್ನು ಇನ್ನೂ ಬಿಟ್ಟಿಲ್ಲ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಹಲವರ ಜೀವ ತೆಗೆಯಿತು. ರೋಗ ಹರಡುವುದು ಉಣುಗುಗಳಿಂದ. ಮಳೆ ನಿಂತ ಮೇಲೆ ತರಗೆಲೆಯ ನಡುವೆ ಹುಟ್ಟುವ ಸಣ್ಣ ಮರಿಗಳು ಕಣ್ಣಿಗೆ ಬೀಳುವುದೇ ಕಷ್ಟ, ಅವು ಕಚ್ಚಿದ್ದೂ ತಿಳಿಯುವುದಿಲ್ಲ. ದರಕು ಒಟ್ಟುಮಾಡಲು, ಸೌದೆ ತರಲು ಕಾಡಿಗೆ ಹೋಗುವವರು ಹೆಚ್ಚಾಗಿ ಇದಕ್ಕೆ ಬಲಿಯಾಗುತ್ತಾರೆ.

ಡಿಸೆಂಬರಿನಿಂದ ಮೇ ನಡುವೆ ಹೋಗುವುದೇ ಆದರೆ, ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಆಶಾ ಕಾರ್ಯಕರ್ತೆಗೆ ಫೋನು ಮಾಡಿ, ಈ ಸಲ ಪ್ರಕರಣ ಕಂಡಿದೆಯೇ, ಸುತ್ತಮುತ್ತ ಮಂಗ ಸತ್ತಿದೆಯೇ ಎಂದು ಕೇಳಿ. ಕಂಡಿದ್ದರೆ ಹೋಗುವುದನ್ನು ಮುಂದಕ್ಕೆ ಹಾಕಿ. ಹೋದವರು ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ, ಕೈಕಾಲು ಕುತ್ತಿಗೆಗೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ ಹಚ್ಚಿಕೊಂಡೇ ಕಾಡಿನೊಳಗೆ ಹೋಗಬೇಕು. ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮಿಂದು, ಮೊಣಕಾಲಿನ ಹಿಂಭಾಗ, ಕಂಕುಳು, ಕಿವಿಯ ಹಿಂದೆ ಹುಡುಕಿ ನೋಡಿ. ಕಚ್ಚಿಕೊಂಡ ಉಣುಗನ್ನು ಉಗುರಿನಲ್ಲಿ ಹಿಸುಕದೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರಕ್ಕೆ ಎಳೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಮನೆಯವರಿಗೂ ಆರೋಗ್ಯ ಕೇಂದ್ರಕ್ಕೂ ತಿಳಿಸಿ.

ಚಿತ್ರಗಳು

ಕ್ಯಾಮೆರಾ ಮೊದಲ ದಿನ ಚೀಲದಲ್ಲೇ ಇರಲಿ. ಆಮೇಲೆ ಕೇಳಿ ತೆಗೆಯಿರಿ. ಸ್ನಾನದ ಜಾಗ, ಪೂಜೆ, ಬನ, ಮೈತುಂಬ ಬಟ್ಟೆಯಿಲ್ಲದ ಮಕ್ಕಳು, ಇವನ್ನು ಕೇಳಿಯೂ ತೆಗೆಯಬಾರದು. ಹಾಡು ಹೇಳಿದರೆ ಧ್ವನಿಮುದ್ರಣಕ್ಕೆ ಬೇರೆಯಾಗಿ ಒಪ್ಪಿಗೆ ಪಡೆಯಿರಿ. ಮನೆಯವರ ಹೆಸರು, ಊರಿನ ಗುರುತು, ನಕ್ಷೆಯ ಜಾಗ ಯಾವುದನ್ನೂ ಸಾಮಾಜಿಕ ಜಾಲತಾಣದಲ್ಲಿ 'ಗುಟ್ಟಿನ ತಾಣ' ಎಂದು ಹಾಕಬೇಡಿ. ಮರುವಾರವೇ ಹತ್ತು ಬೈಕುಗಳು ಆ ಅಂಗಳಕ್ಕೆ ಬಂದು ನಿಲ್ಲುತ್ತವೆ, ಅವರಲ್ಲಿ ಯಾರೂ ಮುಂಚೆ ಕೇಳಿರುವುದಿಲ್ಲ.

ಹೊರಡುವಾಗ ಮತ್ತು ಆಮೇಲೆ

ಹಿಂದಿನ ರಾತ್ರಿಯೇ ಹಣದ ಲೆಕ್ಕ ಮುಗಿಸಿ. ಬೆಳಗ್ಗೆ ಹಾಸಿಗೆ ಮಡಿಸಿ, ಮಲಗಿದ್ದ ಜಾಗ ಗುಡಿಸಿ, ಹಿರಿಯರಿಗೆ ಹೇಳಿ ಹೊರಡಿ. ಗೊನೆ ಬಾಳೆಕಾಯಿಯನ್ನೋ ಸೀಗೆಕಾಯಿಯ ಗಂಟನ್ನೋ ಕೈಗೆ ಕೊಟ್ಟರೆ ಬೇಡವೆನ್ನದೆ ತೆಗೆದುಕೊಳ್ಳಿ, ಅದಕ್ಕೆ ಬೆಲೆ ಕೇಳಬೇಡಿ. ಜೇನುತುಪ್ಪ, ಉಪ್ಪಾಗೆ ಮುಂತಾದ ಮಾರುವ ಮಾಲನ್ನು ಕೊಳ್ಳುವುದಾದರೆ ಪೇಟೆಯ ಚಿಲ್ಲರೆ ಬೆಲೆಯನ್ನೇ ಕೊಡಿ.

ತೆಗೆದ ಚಿತ್ರಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಹದಿನೈದು ದಿನದೊಳಗೆ ಅಂಚೆಯಲ್ಲಿ ಕಳಿಸಿ. ಕಳಿಸುತ್ತೇವೆಂದು ಹೇಳಿ ಕಳಿಸದವರೇ ಹೆಚ್ಚು. ಮಕ್ಕಳ ಓದಿಗೆ ನೆರವಾಗುವ ಮಾತು ಕೊಟ್ಟಿದ್ದರೆ ಶಾಲೆಯ ಮೇಷ್ಟ್ರ ಮೂಲಕ ನಡೆಸಿ, ನಡೆಸಲಾಗದ ಮಾತನ್ನು ಕೊಡಬೇಡಿ.

ಮನೆಗೆ ಮರಳಿದ ಮೇಲೂ ಮೈಯ ಮೇಲೆ ಗಮನವಿರಲಿ. ಮಂಗನ ಕಾಯಿಲೆ ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ತನೆ ಏರುವ ಜ್ವರ, ತಲೆನೋವು, ಸಹಿಸಲಾಗದ ಮೈಕೈ ನೋವಿನಿಂದ ಆರಂಭವಾಗುತ್ತದೆ. ಕೆಲವರಲ್ಲಿ ಮೂಗು, ವಸಡಿನಿಂದ ರಕ್ತ ಬರುತ್ತದೆ. ಅದಕ್ಕೆಂದೇ ಬೇರೆ ಔಷಧಿ ಇಲ್ಲದಿರುವುದರಿಂದ ಬೇಗ ಗುರುತಿಸಿ ಆಸ್ಪತ್ರೆಯ ಆರೈಕೆಗೆ ಸೇರುವುದೇ ದಾರಿ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ವೈದ್ಯರಿಗೆ ಆ ರೋಗ ಮೊದಲಿಗೆ ಹೊಳೆಯದೆ ಹೋಗಬಹುದು. ಜ್ವರ ಬಂದರೆ ಮಲೆನಾಡಿನ ಕಾಡಿನಲ್ಲಿ ಯಾವ ದಿನಗಳಲ್ಲಿ ಇದ್ದಿರಿ ಎಂದು ನೀವೇ ಹೇಳಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿ, ಮತ್ತು ಅದೇ ಹೊತ್ತಿನಲ್ಲಿ ಆ ಊರಿನ ಆಶಾ ಕಾರ್ಯಕರ್ತೆಗೂ ಫೋನು ಮಾಡಿ ತಿಳಿಸಿ. ನಿಮ್ಮನ್ನು ಕಾಡಿಗೆ ಕರೆದೊಯ್ದವರೂ ಅದೇ ದಾರಿಯಲ್ಲಿ ನಡೆದಿರುತ್ತಾರೆ.